ಕಪ್ಪು ಗಾಜಿಗೊಂದು ಅರ್ಜಿ

ನನ್ನ ಜಡ್ಡಿನ ದೊಡ್ಡ ದೋಷವೆಂದರೆ ಅದು ನನ್ನನ್ನು ಚೆಂದ ಕಾಣುವಂತೆ ಮಾಡುತ್ತದೆ. ಲೂಪಸ್ ಅಂತ ಅದರ ಹೆಸರು. ಬಿಸಿಲು ತಾಗಿದರೆ ಸಾಕು, ಎರಡೂ ಕೆನ್ನೆ ಕೆಂಪೇರುತ್ತವೆ, ಮರುದಿನ ಕೀಲುಗಳು ಹಿಡಿದುಕೊಳ್ಳುತ್ತವೆ, ಜ್ವರ ಬರುತ್ತದೆ. ಜ್ವರ ಯಾರಿಗೂ ಕಾಣುವುದಿಲ್ಲ, ಕೆನ್ನೆ ಎಲ್ಲರಿಗೂ ಕಾಣುತ್ತದೆ. "ಅಕ್ಕೋರ, ಮಾರಿ ಮ್ಯಾಲೆ ಏನ್ ಕಳಾ ಬಂದೈತ್ರಿ!" ಎಂದು ದಾಂಡೇಲಿಯ ಸಂತೆಯಲ್ಲಿ ಹೊಗಳಿಸಿಕೊಂಡು ಬಂದು ನಾನು ಹಾಸಿಗೆ ಹಿಡಿದದ್ದಿದೆ.

ಹುಬ್ಬಳ್ಳಿಯ ಡಾಕ್ಟರು ಮಾತ್ರ ಹೊಗಳಲಿಲ್ಲ. "ಬಿಸಲ ತಪ್ಪಸ್ರಿ. ಹಿಂಗ ನಡದ್ರ ಕಿಡ್ನಿಗೆ ಬರ್ತೈತಿ. ತಪ್ಪಸಾಕ ಆಗಲಿಲ್ಲಂದ್ರ ನೌಕರಿ ಬಿಡ್ರಿ" ಎಂದು ಒಂದು ಪತ್ರ ಬರೆದುಕೊಟ್ಟರು. ನನ್ನ ನೌಕರಿ ಗಣೇಶಗುಡಿಯಾಚೆ, ಜೋಯಿಡಾ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ. ಇಡೀ ಶಾಲೆಗೆ ಶಿಕ್ಷಕರು ಇಬ್ಬರೇ. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳು ನನ್ನಿಂದ ಕನ್ನಡ ಕಲಿತು, ನನ್ನ ಧಾರವಾಡದ ರಾಗದಲ್ಲೇ ನನ್ನೊಡನೆ ಜಗಳಕ್ಕೆ ನಿಲ್ಲುತ್ತವೆ. ಅವನ್ನು ಬಿಟ್ಟು ಮನೆಯಲ್ಲಿ ಕಿಡ್ನಿ ಕಾಯುತ್ತ ಕೂರುವುದು ನನ್ನಿಂದಾಗದ ಮಾತು.

ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಮನೆಯವರು ಹಳೆಯ ಕಾರು ಹೊರಗೆ ತೆಗೆದರು. ಹಳಿಯಾಳದ ಗ್ಯಾರೇಜಿನಲ್ಲಿ ಗಾಜಿಗೆಲ್ಲ ಕಪ್ಪು ಫಿಲ್ಮು ಅಂಟಿಸಿದೆವು. ಒಂಬತ್ತು ದಿನ ರಾಣಿಯಂತೆ ಹೋಗಿ ಬಂದೆ. ಹತ್ತನೆಯ ದಿನ ಪೊಲೀಸಪ್ಪ ಕೈ ಅಡ್ಡ ಹಾಕಿದ. ಈ ಕಾಡಿನ ಸೀಮೆಯಲ್ಲಿ ಕಪ್ಪು ಗಾಜಿನ ಕಾರೆಂದರೆ ಒಳಗೆ ಕದ್ದ ಸಾಗವಾನಿ ಮರ ಇರಬೇಕು, ಇಲ್ಲವೇ ಪುಢಾರಿ ಇರಬೇಕು. ಬಾಗಿಲು ತೆಗೆದರೆ ಎರಡು ಕಟ್ಟು ನೋಟ್‌ಬುಕ್ಕು ಮತ್ತು ನಾನು. ಪಾಪ, ಅವನ ಮುಖ ಬಾಡಿತು. ಡಾಕ್ಟರ ಪತ್ರ ಮುಂದೆ ಹಿಡಿದೆ. "ಅದೆಲ್ಲಾ ನಮಗ ಬ್ಯಾಡ್ರಿ. ಜಡ್ಡು ಇದ್ರ ಆರ್‌ಟಿಓ ಆಫೀಸಿನಿಂದ ಪರವಾನಗಿ ತರ್ರಿ" ಎಂದ. ಬ್ಲೇಡಿನಿಂದ ಫಿಲ್ಮು ಕೆರೆದು ಮುಗಿಯುವವರೆಗೆ ನಾನು ರಸ್ತೆಯ ಬಿಸಿಲಿನಲ್ಲಿ ನಿಂತಿದ್ದೆ.

ಪರವಾನಗಿ ಎಂದದ್ದೇ ತಡ, ನಮ್ಮವರಿಗೆ ಹುರುಪು ಬಂತು. ಆಯುಷ್ಯವೆಲ್ಲ ಕಾಗದ ತಯಾರಿಸಿದ ಮನುಷ್ಯ; ಕಾಗದದ ಮೇಲೆ ಬರೆದದ್ದು ನಡೆದೇ ನಡೆಯುತ್ತದೆ ಎಂದು ನಂಬಿದವರು. ಯಾವ ಕಾಗದ ಕೈಗೆ ಬಂದರೂ, ಮದುವೆಯ ಆಮಂತ್ರಣವಾದರೂ ಸರಿ, ಮೊದಲು ಬೆಳಕಿಗೆ ಹಿಡಿದು ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ನೋಡುತ್ತಾರೆ. ಓದುವುದು ಆಮೇಲೆ. ಅರ್ಜಿಗೆಂದು ಕಪಾಟಿನಿಂದ ಇದ್ದುದರಲ್ಲೇ ಉತ್ತಮ ಹಾಳೆ ಆರಿಸಿ ಕೊಟ್ಟರು. ಡಾಕ್ಟರ ಪತ್ರದ ಝೆರಾಕ್ಸ್ ಲಗತ್ತಿಸಿ ಕಚೇರಿಗೆ ಹೋದೆವು.

ಗುಮಾಸ್ತ ಅರ್ಜಿಯನ್ನು ಬೆರಳಿನಲ್ಲಿ ಸವರಿ, "ಹಾಳಿ ಭಾಳ ಚಲೋ ಐತ್ರಿ" ಎಂದ. ನಮ್ಮವರು ಉಬ್ಬಿದರು. ಲಗತ್ತನ್ನು ತಿರುವಿಯೂ ನೋಡದೆ ಅವನು ನನ್ನನ್ನು ವಿಚಾರಿಸತೊಡಗಿದ.

"ಕಣ್ಣು ಕಾಣಂಗಿಲ್ಲೇನ್ರಿ?"

"ಕಾಣ್ತಾವ್ರಿ."

"ಕಾಲು?"

"ಎರಡೂ ಅದಾವ್ರಿ."

"ಮತ್ತ ನಿಮ್ಮನ್ನ ಯಾವ ಕಾಲಂನಾಗ ಬರಕೊಳ್ಳಲಿ? ಟೊಮ್ಯಾಟೊ ಹಣ್ಣಿನಂಗ ಕೆಂಪಗ ಅದೀರಿ. ಜಡ್ಡು ಅಂದ್ರ ಸಾಹೇಬ್ರು ನಂಬಬೇಕಲ್ರೀ. ಖುದ್ದ ತೋರಸ್ರಿ. ಹೊರಗ ಕುಂದರ್ರಿ, ಬರ್ತಾರ."

ಹೊರಗೆ ಎಂದರೆ ಮೇಲೊಂದು ತಗಡೂ ಇಲ್ಲದ ಕಟ್ಟೆ. ಬಿಸಿಲು ನನಗೆ ಆಗದು ಎಂದು ಸಾಬೀತು ಮಾಡಲು ನಾನು ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ಕೂತೆ. ಛತ್ರಿ ಇತ್ತು, ಆದರೆ ಸಿಮೆಂಟಿನಿಂದ ಮುಖಕ್ಕೆ ಹೊಡೆಯುವ ಬಿಸಿಲಿಗೆ ಛತ್ರಿ ಏನು ಮಾಡೀತು? ಸಾಹೇಬರು ಬಂದರು, "ಅರಾಮ ಅದೀರಲ್ಲ!" ಎಂದು ಒಳಗೆ ಹೋದರು. ಪರೀಕ್ಷೆ ಮುಗಿಯಿತು. ಹದಿನೈದು ದಿನ ನನ್ನ ಬೆರಳು ಮಡಚಲಿಲ್ಲ. ನಮ್ಮವರೇ ನನ್ನ ತಲೆ ಬಾಚಿದರು, ಅದೂ ಸೊಟ್ಟ ಬೈತಲೆ.

ಅಂಚೆಯಲ್ಲಿ ಉತ್ತರ ಬಂತು. ನಿಯಮದಲ್ಲಿ ಇಂಥ ವಿನಾಯಿತಿಗೆ ಅವಕಾಶವಿರುವುದಿಲ್ಲ. ನಮ್ಮವರು ಅದನ್ನು ಬೆಳಕಿಗೆ ಹಿಡಿದು, "ಹಾಳಿನೂ ಹಲ್ಕಾ ಐತಿ" ಎಂದರು. ನಾನು ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ. ಆಮೇಲೆ ಗಾಜಿಗೆ ಪರದೆ ಕಟ್ಟಿದೆವು, ಕೂಡದೆಂದರು. ರಟ್ಟು ಹಿಡಿದೆ, ಅದನ್ನೂ ತೆಗೆಸಿದರು. ಕಾರಿನೊಳಗೆ ಛತ್ರಿ ಬಿಚ್ಚಿದೆ. ಅದರ ಕಡ್ಡಿ ನಮ್ಮವರ ಕಿವಿಗೆ ಚುಚ್ಚಿ ಕಾರು ಗಟಾರ ನೋಡಿ ಬಂತು.

ಕೊನೆಗೆ ಸೂರ್ಯನ ವೇಳಾಪಟ್ಟಿಗೇ ಹೊಂದಿಕೊಂಡೆ. ಹೊತ್ತು ಮೂಡುವ ಮೊದಲು ಹೋಗುವುದು, ಮುಳುಗಿದ ಮೇಲೆ ಬರುವುದು. ಶಾಲೆಯ ಬೀಗ ನಾನೇ ತೆಗೆಯುತ್ತಿದ್ದೆ. ಊರ ಮಕ್ಕಳು ಹಲ್ಲುಜ್ಜುತ್ತ ಬಂದು ಕಿಟಕಿಯಲ್ಲಿ ಇಣುಕಿದವು, ನಾಲ್ಕು ದಿನದಲ್ಲಿ ಒಳಗೇ ಬಂದು ಕೂತವು. ಕೂತ ಮೇಲೆ ಸುಮ್ಮನಿರಲಾದೀತೇ? ಓದಿಸಿದೆ. ಸಂಜೆಯೂ ಅದೇ ಕಥೆ. ಅಷ್ಟುದ್ದದ ದಿನಕ್ಕೆ ಮೈ ಹಣ್ಣಾಗಿ, ಇನ್ನೊಂದು ವರ್ಷ ಹೀಗೆ ಎಳೆಯಲಾರೆ, ರಾಜೀನಾಮೆ ಬರೆಯುವುದೇ ಸರಿ ಎಂದು ಕಪಾಟಿನಿಂದ ಹಾಳೆಯನ್ನೂ ತೆಗೆದಿಟ್ಟಿದ್ದೆ.

ಅಷ್ಟರಲ್ಲಿ ಸುದ್ದಿ ಮೇಲಿನವರ ಕಿವಿಗೆ ಬಿತ್ತು. ಸೂರ್ಯೋದಯಕ್ಕೆ ಮುನ್ನ ಬಂದು ಸೂರ್ಯಾಸ್ತದ ನಂತರ ಹೋಗುವ ತ್ಯಾಗಮಯಿ! ಉತ್ತಮ ಶಿಕ್ಷಕಿ ಪ್ರಶಸ್ತಿ ಘೋಷಣೆಯಾಯಿತು. ಸಮಾರಂಭ ಹಗಲು ಹನ್ನೊಂದಕ್ಕೆ, ಬಯಲಿನಲ್ಲಿ, ಶಾಮಿಯಾನ ಅತಿಥಿಗಳ ತಲೆಯ ಮೇಲೆ ಮಾತ್ರ. ಭಾಷಣ ಮಾಡಿದವರು ನನ್ನ ಕೆನ್ನೆ ತೋರಿಸಿ, ಇದು ನಿಷ್ಠೆಯ ತೇಜಸ್ಸು ಎಂದರು. ಭರ್ಜರಿ ಚಪ್ಪಾಳೆ ಬಿತ್ತು. ನನ್ನ ಮೊಣಕಾಲು ಆಗಲೇ ಹಿಡಿದುಕೊಳ್ಳತೊಡಗಿತ್ತು.

ಕಾರಿನಲ್ಲಿ ಕೂತೊಡನೆ ನಮ್ಮವರು ಪ್ರಶಸ್ತಿ ಪತ್ರ ಕೇಳಿದರು. ದಪ್ಪ ಹಾಳೆ, ಹಿಂದೆ ರಟ್ಟು, ಸುತ್ತ ಚೌಕಟ್ಟು, ಮೂಲೆಯಲ್ಲಿ ದೊಡ್ಡ ಮುದ್ರೆ. ಎಂದಿನಂತೆ ಕಿಟಕಿಯ ಬೆಳಕಿಗೆ ಹಿಡಿದರು. ನನ್ನ ಮಡಿಲ ಮೇಲಿದ್ದ ಬಿಸಿಲು ಮಾಯವಾಯಿತು.

"ಬಿಸಲ ಒಂಚೂರೂ ದಾಟವಲ್ದು ನೋಡ" ಎಂದರು. "ರಟ್ಟು ತಗಸಿದ್ರು. ಸರಕಾರದ ಮುದ್ರಿ ಇದ್ದದ್ದನ್ನ ಯಾವ ಮಗಾ ತಗಸ್ತಾನ ನೋಡೂಣು."

ಈಗ ನಾನು ಎಲ್ಲರಂತೆ ಗಂಟೆ ಹೊಡೆಯುವ ಹೊತ್ತಿಗೆ ಶಾಲೆಗೆ ಹೋಗುತ್ತೇನೆ. ಮಕ್ಕಳೂ ಮನೆಯಲ್ಲೇ ಹಲ್ಲುಜ್ಜಿ ಬರುತ್ತವೆ. ಹಿಂದಿನ ಸೀಟಿನ ನಡುವೆ ಕೂತು, ರಸ್ತೆ ತಿರುಗಿದಂತೆಲ್ಲ ಪ್ರಶಸ್ತಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಿಡಿಯುತ್ತೇನೆ. ರಾಜೀನಾಮೆಯ ಹಾಳೆ ಕಪಾಟಿಗೆ ವಾಪಸು ಹೋಯಿತು.

ಫಿಲ್ಮು ಕೀಳಿಸಿದ್ದ ಅದೇ ಪೊಲೀಸಪ್ಪ ಮೊನ್ನೆ ಕಾರು ನಿಲ್ಲಿಸಿದ.

"ಗಾಜಿಗೆ ಏನ್ ಅಡ್ಡ ಹಿಡದೀರಿ?"

ತಿರುಗಿಸಿ ತೋರಿಸಿದೆ. ಮೇಲಿನ ಸಾಲಿನಿಂದ ಕೆಳಗಿನ ಸಹಿಯವರೆಗೆ ನಿಧಾನವಾಗಿ ಓದಿದ. ಆಮೇಲೆ ಕಾಲು ಜೋಡಿಸಿ ಸೆಲ್ಯೂಟು ಹೊಡೆದ. "ನಿಮ್ಮಂಥಾವ್ರು ಇರಬೇಕ್ರಿ ಅಕ್ಕೋರ. ಹೋಗಿ ಬರ್ರಿ."

ನಮ್ಮವರು ದಾರಿಯುದ್ದ ನಕ್ಕರು. ನಾನೂ ನಕ್ಕೆ. ಡಾಕ್ಟರ ಪತ್ರ ಈಗಲೂ ನನ್ನ ಚೀಲದಲ್ಲೇ ಇದೆ. ಅದನ್ನು ಇವತ್ತಿನವರೆಗೆ ಯಾರೂ ಪೂರ್ತಿ ಓದಿಲ್ಲ.