ಚಕ್ರವರ್ತಿ ಬಿಟ್ಟ ಮೊದಲ ಹೆಂಡತಿ

ಮಗಳ ಏಳನೇ ತರಗತಿಯ ಪ್ರಾಜೆಕ್ಟಿಗೆ ಯುರೋಪಿನ ಆ ಕೆಂಪು ಗಡ್ಡದ ಚಕ್ರವರ್ತಿಯೇ ಏಕೆ ಗಂಟುಬೀಳಬೇಕಿತ್ತೋ! ಎಂಟುನೂರು ವರ್ಷಗಳ ಹಿಂದೆ ದಂಡೆತ್ತಿ ಹೊರಟು, ದಾರಿಯಲ್ಲಿ ನದಿಗೆ ಬಿದ್ದು ಸತ್ತ ಮನುಷ್ಯ. ಅವನ ವಂಶವೃಕ್ಷ ಬರೆಯಲು ಪರದೇಶದ ಈ ಪ್ಲೆಸೆಂಟನ್ ಊರಿನ ನಮ್ಮ ಊಟದ ಮೇಜನ್ನು ಮೂರು ದಿನ ಬಿಟ್ಟುಕೊಟ್ಟಿದ್ದಾಯಿತು. ಅವನ ಅಪ್ಪನಿಗೂ ಅದೇ ಹೆಸರು, ಇವನಿಗೂ ಅದೇ, ಮಗನಿಗೂ ಅದೇ. ಒಂದು ಗೆರೆ ತಪ್ಪಿತೆಂದು ಎರಡು ಸಲ ಹೊಸ ರಟ್ಟು ತಂದೆ. ಆಫೀಸಿನ ಮೀಟಿಂಗು ಕಿವಿಯಲ್ಲಿ, ಅಂಟು ಕೈಯಲ್ಲಿ.

ಮಂಡ್ಯದಿಂದ ಬಂದಿದ್ದ ಅಮ್ಮ ಅಲ್ಲೇ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಚಕ್ರವರ್ತಿಯ ಮೊದಲ ಹೆಂಡತಿಯ ಕಡೆಗೆ ಮಾತ್ರ ಚುಕ್ಕೆಗೆರೆ ಏಕೆಂದು ಕೇಳಿದಳು. ಅವರಿಬ್ಬರೂ ದೂರದ ನೆಂಟರಂತೆ, ನೆಂಟರೊಳಗೆ ಮದುವೆ ಕೂಡದೆಂದು ಅವಳನ್ನು ಬಿಟ್ಟನಂತೆ ಎಂದೆ. ಹೇಳುವಾಗಲೇ ಮಾತು ಎಲ್ಲಿಗೆ ಹೋಗುತ್ತದೆಂದು ಹೊಳೆಯಿತು. ಅಪ್ಪ ಅಮ್ಮನಿಗೆ ಸ್ವಂತ ಸೋದರಮಾವ. ಊರಿನಲ್ಲಿ ಅದು ಮನೆಮನೆಯ ಸಂಗತಿ; ಇಲ್ಲಿ ಮಾತ್ರ ನಾನು ಯಾರೊಡನೆಯೂ ಬಾಯಿಬಿಟ್ಟಿರಲಿಲ್ಲ, ಮಗಳೊಡನೆಯೂ. ಅವಳು ಅಜ್ಜಿಯನ್ನು ಕಂಡು ಅಸಹ್ಯಪಟ್ಟುಕೊಂಡರೆ ನನಗೆ ಸಹಿಸಲಾಗುತ್ತಿರಲಿಲ್ಲ.

ಅಮ್ಮನಿಗೆ ಕಣ್ಸನ್ನೆ ಮಾಡಿದೆ. ನನ್ನ ಕಣ್ಸನ್ನೆ ಅವಳಿಗೆ ಯಾವ ಕಾಲಕ್ಕೆ ಅರ್ಥವಾಗಿದೆ?

"ಅದ್ರಲ್ಲೇನವ್ವ ತಪ್ಪು? ನಿಮ್ ತಾತ ನಂಗೆ ಸೋದರಮಾವ. ನಮ್ಮವ್ವನ ತಮ್ಮ," ಎಂದಳು ಮೊಮ್ಮಗಳಿಗೆ.

ಮಗಳು ಪೆನ್ನು ಕೆಳಗಿಟ್ಟು, ಹೇಸಿಗೆಯಿಂದ ಮುಖ ಕಿವುಚಿ, "ದಟ್ಸ್ ಸೋ ಗ್ರಾಸ್, ಅಜ್ಜಿ," ಎಂದಳು.

ನನಗೆ ರೇಗಿಹೋಯಿತು. ಮಗಳಿಗೆ ಬೈದೆ, ಬಾಯಿ ಬಿಗಿಹಿಡಿಯದ ಅಮ್ಮನಿಗೆ ಬೈದೆ, ಕೊನೆಗೆ ಆ ಚಕ್ರವರ್ತಿಗೂ ಬೈದೆ. ಅಮ್ಮ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮೊದಲನೆಯವಳಿಗೆ ಮಕ್ಕಳಿದ್ದವೇ ಎಂದು ಕೇಳಿದಳು. ಮಗಳು ತನ್ನ ಹಾಳೆಗಳನ್ನು ತಿರುವಿ ನೋಡಿ, ಇಲ್ಲ, ಎರಡನೆಯವಳಿಗೆ ಮನೆ ತುಂಬ ಮಕ್ಕಳು ಎಂದು ಇಂಗ್ಲಿಷಿನಲ್ಲಿ ಹೇಳಿದಳು; ನಾನು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ.

"ಹಂಗಾದ್ರೆ ಅದೇ ಕಾರಣ. ನೆಂಟಸ್ತನ ಬರೀ ನೆಪ," ಎಂದಳು ಅಮ್ಮ. "ನಂಗೂ ಏಳು ವರ್ಷ ಮಕ್ಳಾಗ್ಲಿಲ್ಲ. ಬೇರೆ ಮನೆಗೆ ಕೊಟ್ಟಿದ್ರೆ ಕಳಿಸ್ಬುಡೋರು. ಇಲ್ಲಿ ನಮ್ಮಜ್ಜಿನೇ ನಂಗೆ ಅತ್ತೆ. ಮಗಳ ಮಗಳ್ನ ಯಾವ ಬಾಯಲ್ಲಿ ಆಚೆಗೆ ಹೋಗು ಅಂತಾಳೆ?"

ಹೇಳಿ ಮತ್ತೆ ಸೊಪ್ಪಿಗೆ ಕೈಹಾಕಿದಳು. ಮದುವೆಯಾದ ಎಂಟನೇ ವರ್ಷಕ್ಕೆ ನಾನು ಹುಟ್ಟಿದ್ದೆಂದು ನನಗೆ ಚಿಕ್ಕಂದಿನಿಂದ ಗೊತ್ತು. ಅದರ ಹಿಂದಿನ ವರ್ಷಗಳ ಬಗ್ಗೆ ನಾನು ಯೋಚಿಸಿದವಳೇ ಅಲ್ಲ. ಇಷ್ಟು ದಿನವೂ ನಾನು ಮಾಡಿದ್ದು ಒಂದೇ, ಅವಳ ಮದುವೆಯನ್ನು ಮುಚ್ಚಿಟ್ಟಿದ್ದು.

ಮಗಳು ಕುರ್ಚಿಯನ್ನು ಅಜ್ಜಿಯ ಹತ್ತಿರಕ್ಕೆ ಎಳೆದುಕೊಂಡಳು. "ಏಳು ವರ್ಷ ತುಂಬಾ ಭಯ ಆಯ್ತಾ ಅಜ್ಜಿ?" ಎಂದು ಕನ್ನಡದಲ್ಲೇ, ತಡವರಿಸುತ್ತ ಕೇಳಿದಳು. ಅದನ್ನು ನಾನು ಕೇಳಬೇಕಿತ್ತು.