ವಂದನಾರ್ಪಣೆಗೆ ಎದ್ದು ಹೋಗುವವರು

ಅವರ ಮುಂದಿನ ಹಲ್ಲೊಂದರಲ್ಲಿ ವೈರು ಕೂರುವಷ್ಟು ಕಚ್ಚು ಇದೆ. ಇಡೀ ಆಯುಷ್ಯ ವೈರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದ ಗುರುತು ಅದು. ಅವರು ‘ಸ’ ಅಂದಾಗಲೆಲ್ಲ ಆ ಸಂದಿಯಿಂದ ಒಂದು ಸಣ್ಣ ಸೀಟಿ ಹೊರಡುತ್ತದೆ. ಊರಿನ ಎಲ್ಲರ ಧ್ವನಿ ತೆಗೆಯುವ ನನಗೆ ಆ ಸೀಟಿ ಮಾತ್ರ ಇವತ್ತಿಗೂ ಬಂದಿಲ್ಲ. ಅದು ಬರಬೇಕಾದರೆ ಹಲ್ಲು ಸವೆಸಿಕೊಳ್ಳಬೇಕು. ನಾನು ಅಷ್ಟು ನಿಷ್ಠೆಯ ಕಲಾವಿದನಲ್ಲ.

ವಾಡಿಯಲ್ಲಿ ಅವರನ್ನು ಮೈಕ್ ಕಾಕಾ ಅನ್ನುತ್ತಾರೆ. ಮದುವೆ, ಪುಣ್ಯತಿಥಿ, ಶಾಲೆಯ ಗ್ಯಾದರಿಂಗು, ಚುನಾವಣೆ, ಏನೇ ಇರಲಿ, ಶಹಾಬಾದಿನಿಂದ ಸೇಡಂವರೆಗೆ ಯಾರು ಬಾಯಿ ತೆರೆಯಬೇಕಾದರೂ ಮೊದಲು ಕಾಕಾರ ಮೂರು ಗಾಲಿಯ ಟಂಟಂ ಬರಬೇಕು. ಹಿಂದೆ ಹಾರ್ನುಗಳು, ಆಂಪ್ಲಿಫೈಯರು. ಮುಂದೆ ಪಕ್ಕದಲ್ಲಿ ಅವರ ಹೆಂಡತಿ, ನಮ್ಮೆಲ್ಲರ ಕಾಕು. ಮೈಕು ಕಟ್ಟಿಯಾದ ಮೇಲೆ ಕಾಕಾ “ಹಲೋ, ಹಲೋ” ಅನ್ನಬೇಕು. ಕಾಕು ಪೆಂಡಾಲಿನ ಕಟ್ಟಕಡೆಗೆ ಹೋಗಿ ನಿಂತು, ಕೇಳಿಸಿದರೆ ಕೈ ಎತ್ತಬೇಕು. ಗಂಡ ಹೆಂಡತಿ ಆಡುವ ಮಾತು ಇಷ್ಟೇ ಏನ್ರಿ ಎಂದು ನಾನು ಚಾಷ್ಟಿ ಮಾಡಿದರೆ ಕಾಕಾ ನಗುತ್ತಿದ್ದರು.

“ಹೌದೋ ಮಗನ. ಇಲ್ಲಿ ನಾ ಹಲೋ ಅಂತೀನಿ, ಅಕಿ ಕೈ ಎತ್ತತಾಳ. ಮನ್ಯಾಗ ಅಕಿ ಹಲೋ ಅಂತಾಳ, ನಾ ಎರಡೂ ಕೈ ಎತ್ತತೀನಿ.”

ನನ್ನದು ಮಿಮಿಕ್ರಿ ಕಸುಬು. ಅಂದರೆ ಮಂದಿಯ ಗಂಟಲಿನ ಮೇಲೆ ಬದುಕುವವನು. ಕಾಕಾರ ಆಂಪ್ಲಿಫೈಯರಿನ ಗುಂಡಿಯ ಸುತ್ತ ಸೊನ್ನೆಯಿಂದ ಹತ್ತರವರೆಗೆ ಅಂಕಿಗಳಿವೆ. ಯಾರು ಮಾತಿಗೆ ನಿಂತರೂ ಅವರಿಗೆ ತಕ್ಕ ಅಂಕಿ ಕಾಕಾರ ಬೆರಳಿಗೆ ಗೊತ್ತು. ನಮ್ಮ ಹೆಡ್ ಮಾಸ್ತರರಿಗೆ ಏಳು. ಅವರ ಮಾತು ಎದೆಯೊಳಗೇ ಅರ್ಧ ಖರ್ಚಾಗುತ್ತದೆ. ಸೊಸೈಟಿಯ ಮಾಜಿ ಅಧ್ಯಕ್ಷರಿಗೆ ಎರಡು. ಮೂರಕ್ಕೆ ಹೋದರೆ ಹಾರ್ನು ಹರಿಯುತ್ತದೆ. ನಾನು ಹೆಡ್ ಮಾಸ್ತರರ ಧ್ವನಿ ತೆಗೆದಾಗ ಕಾಕಾರ ಕೈಯಲ್ಲಿ ಗುಂಡಿ ತಾನಾಗಿ ಏಳಕ್ಕೆ ಏರುತ್ತಿತ್ತು, ಅಧ್ಯಕ್ಷರಿಗೆ ಬಂದಾಗ ಎರಡಕ್ಕೆ ಇಳಿಯುತ್ತಿತ್ತು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾರೂ ಕೊಟ್ಟಿಲ್ಲ.

ಕುರಕುಂಟಾದಲ್ಲಿ ಕಾರ್ಯಕ್ರಮ ಮುಗಿಸಿ ಬರುವಾಗ ಒಮ್ಮೆ ಕಾಕಾ ಕೇಳಿದರು: “ಎಲ್ಲಾರ ಆವಾಜ ತೆಗಿತಿ, ಖರೇ. ನಿಂದು ಯಾವುದೋ? ಅದಕ್ಕ ಎಷ್ಟು ಇಡಬೇಕು, ನನಗ ತಿಳಿವಲ್ದು.”

“ಈ ಪ್ರಶ್ನೆ ಪಠ್ಯದ ಹೊರಗಿನದು,” ಎಂದೆ, ಹೆಡ್ ಮಾಸ್ತರರಾಗಿ. ಮೂವರೂ ನಕ್ಕೆವು. ನಗು ಮುಗಿದ ಮೇಲೂ ಪ್ರಶ್ನೆ ಮಾತ್ರ ಟಂಟಂನಲ್ಲೇ ನಮ್ಮ ನಡುವೆ ಕುಂತಿತ್ತು.

ಕಾಕಾರಿಗೆ ಒಂದು ರೂಢಿ. ವೇದಿಕೆಯ ಮೇಲಿನಿಂದ ಯಾರಾದರೂ “ಇನ್ನು ಕೊನೆಯದಾಗಿ” ಅಂದರೆ ಸಾಕು, ಎದ್ದು ವೈರು ಸುತ್ತಲು ಹೊರಡುತ್ತಾರೆ. ಅದಕ್ಕೆ ಕಾರಣ ಊಟ. ವಂದನಾರ್ಪಣೆ ಶುರುವಾದದ್ದೇ ಮಂದಿ ಪಂಕ್ತಿಯ ಕಡೆ ನುಗ್ಗುತ್ತಾರೆ, ವೈರು ಕಾಲಿಗೆ ತೊಡರುತ್ತದೆ. ಹೀಗಾಗಿ ಅಡುಗೆಯವರು, ಪೆಂಡಾಲಿನವರು, ಹೂವಿನವರು ಎಲ್ಲರಿಗೂ ವಂದಿಸಿ “ಹಾಗೂ ಮೈಕಿನವರಿಗೂ” ಎನ್ನುವ ಹೊತ್ತಿಗೆ ಮೈಕಿನವರು ಹೊರಗೆ ಏಣಿಯ ಮೇಲೆ ಹಾರ್ನು ಬಿಚ್ಚುತ್ತಿರುತ್ತಾರೆ. ತಮಗೆ ಸಲ್ಲಿಸಿದ ವಂದನೆಯನ್ನು ಅವರು ಒಮ್ಮೆಯೂ ಕೇಳಿದವರಲ್ಲ.

ಹೋದ ವರ್ಷ ಕಾಕಾರಿಗೆ ಅರವತ್ತು ತುಂಬಿತು. ತುಂಬಿತು ಅಂತ ನಾವು ತೀರ್ಮಾನ ಮಾಡಿದೆವು. ಶಾಲೆಗೆ ಸೇರಿಸುವಾಗ ಮಾಸ್ತರರು ಕಣ್ಣಳತೆಯಲ್ಲಿ ಬರೆದ ಜೂನ್ ಒಂದೇ ಅವರ ಹುಟ್ಟಿದ ದಿನ. ನಮ್ಮ ಕಡೆ ಅರ್ಧ ಊರು ಅವತ್ತೇ ಹುಟ್ಟಿದೆ. “ಐವತ್ತೆಂಟೂ ಇರಬಹುದು, ಅರವತ್ತೆರಡೂ ಇರಬಹುದು. ನಡು ಹಿಡೀರಿ,” ಎಂದರು ಕಾಕಾ. ಬಾಡಿಗೆಗೆ ಒಂದು ಹಾಲ್ ಹಿಡಿದೆವು, ಕೇಕು ಹೇಳಿದೆವು. ಭಾಷಣ ನನ್ನ ಪಾಲಿಗೆ ಬಂತು.

ಕಾಕು ನನ್ನನ್ನು ಪಕ್ಕಕ್ಕೆ ಕರೆದರು. “ನೋಡಪಾ, ಯಾರೂ ಅವರ ಹೆಸರು ತೊಗೊಂಡಿಲ್ಲ. ಮೈಕಿನವರು ಅಂತಾರ, ಅದೂ ಅವರು ಕೇಳಿಲ್ಲ. ಅವತ್ತರೆ ಪೂರಾ ಹೆಸರು ಹಿಡಿದು ಹೇಳು, ಅವರ ಕಿವಿಗೆ ಬೀಳಲಿ. ನನಗ ಬ್ಯಾರೆ ಏನೂ ಬ್ಯಾಡ.” ಹೊರಟವರು ತಿರುಗಿ, “ಚಾಷ್ಟಿ ಆವಾಜ ಬ್ಯಾಡ. ನಿನ್ನ ಬಾಯಿಲೆ ಹೇಳು,” ಎಂದರು.

ಅಲ್ಲಿಂದ ನನ್ನ ತಲೆ ಕೆಟ್ಟಿತು. ಬರೆಯಲು ಕುಳಿತರೆ ಮೊದಲ ಸಾಲಿಗೇ “ಆತ್ಮೀಯ ಬಂಧುಗಳೇ” ಎಂದು ಹೆಡ್ ಮಾಸ್ತರರು ಬಂದು ನಿಂತರು. ಹರಿದು ಹಾಕಿದೆ. ಎರಡನೇ ಸಲ “ಈ ಭಾಗದ ಧೀಮಂತ” ಎಂದು ಅಧ್ಯಕ್ಷರು ಗುಡುಗಿದರು. ಮೂರನೆಯದರಲ್ಲಿ ಮಠದ ಸ್ವಾಮಿಗಳೊಬ್ಬರು ಮೆಲ್ಲಗೆ ಬಂದು ಕಾಕಾರ ಬದುಕನ್ನು ಒಂದು ಹಣತೆಗೆ ಹೋಲಿಸಿಬಿಟ್ಟರು. ಮೂರನ್ನೂ ಕಾಕು ಮುಂದೆ ಓದಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಎಲ್ಲಾರೂ ಬಂದಾರ. ನೀ ಎಲ್ಲಿದ್ದಿ ಇದರಾಗ?”

“ಅದನ್ನೇ ನಾನೂ ಹುಡುಕಲಿಕತ್ತೀನ್ರಿ ಕಾಕು.”

“ಸಿಕ್ರ ಕರ್ಕೊಂಡು ಬಾ. ಮತ್ತ ಒಂದು ಮಾತು. ‘ಇನ್ನು ಕೊನೆಯದಾಗಿ’ ಅಂತ ಮಾತ್ರ ಅನಬ್ಯಾಡ, ಎದ್ದು ಹೊಂಟುಬಿಡ್ತಾರ!”

ಜೂನ್ ಒಂದಕ್ಕೆ ಹಾಲ್ ತುಂಬಿತ್ತು. ಬೇರೆಯವರ ಮೈಕು ತರುತ್ತೇವೆ ಅಂದದ್ದಕ್ಕೆ ಕಾಕಾ ಮುನಿಸಿಕೊಂಡು ತಾವೇ ಕಟ್ಟಿದ್ದರು. ಶಾಲು, ಹಾರ ಹಾಕಿಕೊಂಡು ಸನ್ಮಾನದ ಕುರ್ಚಿಯಲ್ಲಿ ಕುಳಿತರೂ ಆಂಪ್ಲಿಫೈಯರನ್ನು ಕಾಲ ಬಳಿಯೇ ಇಟ್ಟುಕೊಂಡು, ಒಬ್ಬೊಬ್ಬರು ಹೊಗಳಲು ಬಂದಾಗಲೂ ಬಗ್ಗಿ ಅವರವರ ಅಂಕಿ ಇಟ್ಟರು. ತಮ್ಮ ಹೊಗಳಿಕೆ ಎಷ್ಟು ಜೋರಾಗಿರಬೇಕೆಂದು ತಾವೇ ಗುಂಡಿ ತಿರುಗಿಸಿದ ಮತ್ತೊಬ್ಬರನ್ನು ನಾನು ಕಂಡಿಲ್ಲ. ಕಾಕು ಎಂದಿನಂತೆ ಕಟ್ಟಕಡೆಗೆ, ಬಾಗಿಲ ಹತ್ತಿರ ನಿಂತಿದ್ದರು.

ನನ್ನ ಸರದಿ ಬಂತು. ಕೈಯಲ್ಲಿ ಕಾಗದ ಇರಲಿಲ್ಲ. ಕಾಕಾ ಬಗ್ಗಿ ಗುಂಡಿ ಹಿಡಿದು, ಎಷ್ಟು ಎನ್ನುವ ಹಾಗೆ ನನ್ನ ಮುಖ ನೋಡಿದರು. ನನಗೇ ಗೊತ್ತಿರಲಿಲ್ಲ. ಮಂದಿ ಆಗಲೇ ನಗಲು ತಯಾರಾಗಿ ಕುಳಿತಿದ್ದರು. ನನ್ನ ಗಂಟಲಿಗೆ ಆಪತ್ಕಾಲದಲ್ಲಿ ಬರುವವರು ಒಬ್ಬರೇ. ಹೆಡ್ ಮಾಸ್ತರರು ನನ್ನ ಬಾಯೊಳಗಿಂದ ಗಂಭೀರವಾಗಿ ಹೊರಬಂದು ಹೇಳಿದರು:

“ಇನ್ನು ಕೊನೆಯದಾಗಿ...”

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಕಾಕಾ ನಗಲಿಲ್ಲ. ಎದ್ದರು. ಹಾರ ಕೊರಳಲ್ಲೇ ಇತ್ತು, ಶಾಲು ಒಂದು ಹೆಗಲಿನಿಂದ ಜಾರಿತ್ತು. ಆ ಹಾಲ್‌ನ ಹೊರಗೆ ಹಾರ್ನು ಇರಲಿಲ್ಲ. ಮೊದಲು ಸುತ್ತಬೇಕಾದದ್ದು ಮೈಕಿನ ವೈರನ್ನೇ. ಪಿನ್ನು ಕಿತ್ತರು, ಮೊಣಕೈಗೆ ವೈರು ಸುತ್ತುತ್ತ ಮೆಟ್ಟಿಲಿಳಿದು ಬಾಗಿಲ ಕಡೆ ನಡೆದೇಬಿಟ್ಟರು. ಬೆನ್ನು ನನ್ನ ಕಡೆ. ಮಂದಿಯೂ ಊಟಕ್ಕೆಂದು ಕುರ್ಚಿ ಸರಿಸತೊಡಗಿದರು.

ಮೈಕು ಸತ್ತಿತ್ತು. ಹೆಡ್ ಮಾಸ್ತರರು ಮೈಕಿಲ್ಲದೆ ಎರಡನೇ ಸಾಲಿಗೂ ಕೇಳಿಸುವವರಲ್ಲ, ಅವರೂ ಹೋದರು. ಬಾಗಿಲ ಬಳಿ ಕಾಕುವಿನ ಕೈ ಕೆಳಗೇ ಇತ್ತು. ಇನ್ನು ನಾಲ್ಕು ಹೆಜ್ಜೆಗೆ ಕಾಕಾ ಹೊರಗೆ.

ಆಗ ನಾನು ಅವರ ಹೆಸರು ಕೂಗಿದೆ. ಅಪ್ಪನ ಹೆಸರು, ಮನೆತನದ ಹೆಸರು ಸಮೇತ. ಬಂದ ಧ್ವನಿ ಯಾರದೆಂದು ನನಗೇ ಗುರುತು ಸಿಗಲಿಲ್ಲ. ಸ್ವಲ್ಪ ಕೀರಲು, ನಡುವೆ ಒಡಕು, ಮಿಮಿಕ್ರಿ ಮಾಡಲು ಲಾಯಕ್ಕಿಲ್ಲದ ಧ್ವನಿ. “ನಿಮ್ಮ ಮೈಕಿನಾಗ ನಾವೆಲ್ಲಾ ಮಾತಾಡೇವ್ರಿ. ನಿಮಗ ಒಂದು ಮಾತು ಹೇಳೂದು ಬಾಕಿ ಉಳದಿತ್ತು. ವಂದನೆಗಳು.”

ಕುರ್ಚಿಗಳ ಸದ್ದು ನಿಂತಿತು. ಕಾಕಾರ ಮೊಣಕೈಯ ಮೇಲೆ ಅರ್ಧ ಸುತ್ತಿದ ವೈರು ಹಾಗೇ ನಿಂತಿತು. ಅವರು ತಿರುಗಲಿಲ್ಲ. ಎದುರಿಗೆ ಕಾಕುವನ್ನು ನೋಡುತ್ತಿದ್ದರು. ಕಾಕು ನಿಧಾನವಾಗಿ ಕೈ ಎತ್ತಿದರು.

ಆ ಮೇಲೆ ಕಾಕಾ ನನ್ನ ಕಡೆ ತಿರುಗಿದರು. ಇಡೀ ಹಾಲ್‌ಗೆ ಆ ಹಲ್ಲಿನ ಸೀಟಿ ಕೇಳಿಸಿತು.

“ಸೊನ್ನಿ. ನಿನಗ ಸೊನ್ನಿ ಇಟ್ರ ಸಾಕು ನೋಡೋ.”

ಅದು ಹೊಗಳಿಕೆಯೋ ಬೈಗುಳವೋ ನನಗೆ ಇನ್ನೂ ತಿಳಿದಿಲ್ಲ. ಶಾಲೆಯಲ್ಲೂ ಆ ಅಂಕಿ ನನಗೆ ಹೊಸದೇನಲ್ಲ. ಆದರೆ ಈಗ ಪ್ರತಿ ಕಾರ್ಯಕ್ರಮದಲ್ಲಿ ಹೆಡ್ ಮಾಸ್ತರರು, ಅಧ್ಯಕ್ಷರು ಎಲ್ಲರೂ ಬಂದು ಹೋದ ಮೇಲೆ ಕಾಕಾ ಕೇಳದೆಯೇ ಗುಂಡಿಯನ್ನು ಸೊನ್ನೆಗೆ ತರುತ್ತಾರೆ. ನಾನು ಮೈಕು ಬಿಟ್ಟು ಮುಂದೆ ಬರುತ್ತೇನೆ. ಏನು ಹೇಳಬೇಕೆಂದು ತಿಳಿಯದೆ ತಡವರಿಸುತ್ತೇನೆ. ಬಾಯಿಗೆ ಬಂದದ್ದೊಂದು ಮಾತು ಹೇಳಿ, ಕಟ್ಟಕಡೆಗೆ ಕಾಕುವಿನ ಕೈ ಮೇಲಿದೆಯೇ ಎಂದು ನೋಡುತ್ತೇನೆ.