ಎಡಬಾಗಿಲಿನ ಹನಿ

ರಾಯಾಪುರದ ರಸ್ತೆ ಬದಿಯಲ್ಲಿ ಕಾರುಗಳಿಗೆ ಬಣ್ಣ ಹಚ್ಚುವ ಫಾರೂಕನದು ನಲವತ್ತು ವರ್ಷದ ಕಸುಬು. ತಗಡಿನ ಮೇಲೆ ತೆಳುವಾದ ಬಟ್ಟೆ ಹಾಸಿ, ಕಣ್ಣು ಮುಚ್ಚಿ ಅಂಗೈ ಆಡಿಸುವುದು ಅವನ ರೂಢಿ. ಸಾಸಿವೆಯಷ್ಟು ಉಬ್ಬು ಸಿಕ್ಕರೂ ಸಾಕು, ಕೈ ತಾನಾಗಿಯೇ ನೀರು ಹಾಕಿ ತಿಕ್ಕುವ ವಾಟರ್ ಪೇಪರನ್ನು ಹುಡುಕುತ್ತಿತ್ತು. "ಫಾರೂಕಣ್ಣ ಹಚ್ಚಿದ ಬಣ್ಣದಾಗ ಮುಖಾ ನೋಡ್ಕೊಂಡು ದಾಡಿ ಮಾಡ್ಕೋಬಹುದು ನೋಡ್ರಿ" ಎಂದು ಗಿರಾಕಿಗಳು ನಗುತ್ತಿದ್ದರು. ಅವನು ಕೇಳಿಸದವನಂತೆ ಬೀಡಿ ಹಚ್ಚಿ, ಒಳಗೊಳಗೇ ಹಿಗ್ಗುತ್ತಿದ್ದ.

ಹತ್ತಿ ವ್ಯಾಪಾರಿ ರಾಜಶೇಖರ, ತೀರಿಹೋದ ತಂದೆಯ ಅರವತ್ತಾರನೆಯ ಇಸವಿಯ ಕಪ್ಪು ಕಾರನ್ನು ತಂದದ್ದು ಆ ಕೈಯನ್ನು ನಂಬಿಯೇ. ಧಾರವಾಡದಲ್ಲಿ ಹಳೆಯ ಕಾರುಗಳ ಪ್ರದರ್ಶನವಿತ್ತು. ಮೂರು ಬಾಗಿಲುಗಳನ್ನು ತುಕ್ಕು ತಿಂದಿತ್ತು. ಹಿಂದಿನ ಎಡಬಾಗಿಲು ಮಾತ್ರ ಕಾರ್ಖಾನೆಯ ಬಣ್ಣದಲ್ಲೇ ಉಳಿದಿತ್ತು. ಅದನ್ನು ತೆಗೆದರೆ ಒಳಅಂಚಿನಲ್ಲಿ, ಅಂದೆಂದೋ ಒಣಗುವ ಮೊದಲೇ ಇಳಿದು ನಿಂತ ಬಣ್ಣದ ಒಂದು ಹನಿ ಕಾಣುತ್ತಿತ್ತು.

"ಉಳದದ್ದು ಏನರ ಮಾಡ್ರಿ, ಈ ಬಾಗಲಾ ಮುಟ್ಟಬ್ಯಾಡ್ರಿ" ಎಂದ ರಾಜಶೇಖರ. "ಈ ಹನಿ ನೋಡಿ ಅಪ್ಪ ಹೊಸಾ ಗಾಡಿ ವಾಪಸ್ ಕಳಸಾಕ ಹೊಂಟಿದ್ದನಂತ. ಅವ್ವನೇ ಬಿಡಲಿಲ್ಲ. ಇವತ್ತಿಗೂ ಅದರ ಮ್ಯಾಲ ಬೆರಳ ಇಟ್ಟ ಗಾಡಿ ಹತ್ತತಾಳ."

"ಕಾರ್ಖಾನಿಯವ್ರ ತಪ್ಪಿಗೆ ಇಷ್ಟ ಮರ್ಯಾದಿ ಏನ್ರಿ, ಸಾವಕಾರ? ನಾ ಮಾಡಿದ್ರ ಒದೀತಿದ್ರಿ" ಎಂದು ಫಾರೂಕ ನಕ್ಕ.

ಎಂಟನೆಯ ದಿನ ಫಾರೂಕ, ಚಹಾ ತಂದವನೊಡನೆ ತನ್ನ ಮಗಳ ಮದುವೆಯ ಮಾತಾಡುತ್ತ, ಕಣ್ಣು ಮುಚ್ಚಿ ಬಾಗಿಲುಗಳ ಅಂಚು ತಿಕ್ಕುತ್ತಿದ್ದ. ಕೈ ಮುಂದಿನ ಬಾಗಿಲಿನಿಂದ ಹಿಂದಿನದಕ್ಕೆ ಸರಿಯಿತು. ಉಬ್ಬೊಂದು ಸಿಕ್ಕಿತು. ಮಾತು ಮುಗಿದು ಕಣ್ಣು ತೆರೆದಾಗ ಹನಿ ಇರಲಿಲ್ಲ. ಬೆರಳ ತುದಿಯಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು.

ರಾಜಶೇಖರನಿಗೆ ಹೇಳಬೇಕೆಂದು ಫೋನು ಎತ್ತಿಕೊಂಡ. ನಲವತ್ತು ವರ್ಷದ ಹೆಸರು ನೆನಪಾಗಿ ಕೆಳಗಿಟ್ಟ. ಮರುದಿನ ತಾನೇ ಒಂದು ಹನಿ ಇಳಿಸಲು ಕುಳಿತ. ಜೀವಮಾನವೆಲ್ಲ ಹನಿ ಇಳಿಯದಂತೆ ಕಾದವನಿಗೆ ಅದು ಒಲಿಯಲಿಲ್ಲ. ಒಂದು ದಪ್ಪವಾಯಿತು, ಇನ್ನೊಂದು ಗೆರೆಯಂತೆ ಉದ್ದಕ್ಕೆ ಹರಿಯಿತು. ನಾಲ್ಕನೆಯದು ಹಳೆಯ ಹನಿಗೆ ಸಮನಾಯಿತು. ಒಣಗಿದ ಮೇಲೆ ಚಹಾದ ನೀರು, ಧೂಳು ಸವರಿ ಅದಕ್ಕೆ ವಯಸ್ಸು ತಂದ.

ಪ್ರದರ್ಶನದ ದಿನ ಪುಣೆಯಿಂದ ಬಂದ ಪರೀಕ್ಷಕರು ಮೊಣಕಾಲೂರಿ, ಭೂತಗನ್ನಡಿ ಹಿಡಿದು ಹನಿಯನ್ನು ನೋಡಿದರು. ತಿದ್ದುವವರು ಎಲ್ಲೆಡೆ ಸಿಗುತ್ತಾರೆ, ತಿದ್ದದೆ ಬಿಡುವ ಕೈ ಅಪರೂಪ ಎಂದು ನಾಲ್ಕು ಜನರೆದುರು ಹೊಗಳಿ, 'ಮೂಲ ಬಣ್ಣ' ಎಂಬ ಚೀಟಿಯನ್ನು ಗಾಜಿಗೆ ಅಂಟಿಸಿದರು. ರಾಜಶೇಖರ ಫಾರೂಕನಿಗೆ ಶಾಲು ಹೊದಿಸಿದ.

ಅಷ್ಟರಲ್ಲಿ ರಾಜಶೇಖರನ ತಾಯಿ ಶರಣವ್ವ ಕೋಲೂರುತ್ತ ಬಂದರು. ಎಂಬತ್ತು ದಾಟಿದ ಆಕೆಗೆ ಕಣ್ಣು ಮಂಜು. ಬೆರಳಿನಿಂದಲೇ ಹುಡುಕಿ ಹನಿಯನ್ನು ಮುಟ್ಟಿದರು.

"ಅವರು ಹೋಗಿ ಆರ ವರ್ಷ ಆತು. ಇದು ಮಾತ್ರ ಇದ್ದಂಗ ಐತಿ ನೋಡಪಾ, ಫಾರೂಕ. ನಿನ್ನ ಕೈ ತಣ್ಣಗಿರಲಿ."

ಪರೀಕ್ಷಕರ ಹೊಗಳಿಕೆಯನ್ನು ಹೇಗೋ ನುಂಗಿಕೊಂಡಿದ್ದ ಫಾರೂಕನಿಗೆ ಈ ಹಾರೈಕೆಯನ್ನು ನುಂಗಲಾಗಲಿಲ್ಲ.

"ಅವ್ವಾರ, ಅದು ನಾ ಮಾಡಿದ್ದರಿ. ಖರೇದು ನನ್ನ ಕೈಯಾಗ ಅಳಿಸಿಹೋತು."

ಶರಣವ್ವ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. ಅದನ್ನೊಮ್ಮೆ ಕಣ್ಣಿನ ಹತ್ತಿರ ಹಿಡಿದು ನೋಡಿ, ಸೆರಗಿಗೆ ಒರೆಸಿಕೊಂಡರು.

"ಆವತ್ತ ಹೇಳಿದ್ರ ಏನಾಗ್ತಿತ್ತ, ಫಾರೂಕಣ್ಣ?" ರಾಜಶೇಖರನ ದನಿ ಏರಲಿಲ್ಲ.

"ನಾಚಿಕಿ ಆತ್ರಿ."

"ಇವತ್ತ ಆಗಲಿಲ್ಲೇನು?"

ಫಾರೂಕ ಶಾಲನ್ನು ಮಡಿಸಿ ಕಾರಿನ ಮೇಲಿಟ್ಟ. ಚೀಟಿಯನ್ನು ಉಗುರಿನಿಂದ ಬಿಡಿಸಿ, ತಾನೇ ಪರೀಕ್ಷಕರಿಗೆ ಒಯ್ದುಕೊಟ್ಟು ಎಲ್ಲವನ್ನೂ ಹೇಳಿದ. ಅವರು ಪಟ್ಟಿಯಲ್ಲಿ ಒಂದು ಗೀಟು ಎಳೆದು ಮುಂದಿನ ಕಾರಿಗೆ ನಡೆದರು.

ಸಂಜೆ ಹೊರಡುವಾಗ ಫಾರೂಕನೇ ಎಡಬಾಗಿಲು ತೆಗೆದು ಹಿಡಿದ. ಶರಣವ್ವನ ಕೈ ರೂಢಿಯಂತೆ ಮೇಲೆದ್ದು, ಹನಿಯ ಹತ್ತಿರ ಬಂದು ನಿಂತಿತು. ಆಮೇಲೆ ಆಕೆ ಸೀಟಿನ ಬೆನ್ನು ಹಿಡಿದು, ನಿಧಾನವಾಗಿ, ತಾವೇ ಹತ್ತಿ ಕುಳಿತರು.

"ಬಾಗಲಾ ಮೆತ್ತಗ ಹಾಕಪಾ" ಎಂದರು, ಎಂದಿನ ದನಿಯಲ್ಲೇ.

ಅವನು ಎರಡೂ ಕೈಯಿಂದ ಬಾಗಿಲು ಹಾಕಿದ.